ಮೂಸಿ ತಂದ ಮಡಕೆಗಳು

ನಮ್ಮ ನಾದಿನಿಯ ಮೂಗನ್ನು ಪೊಲೀಸರ ವಶಕ್ಕೆ ಕೊಟ್ಟರೆ ಇಲಾಖೆಯ ನಾಯಿಗಳಿಗೆಲ್ಲ ಅವತ್ತೇ ಹಾರ ಹಾಕಿ ನಿವೃತ್ತಿ ಮಾಡಬಹುದು. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾಯಿ ಮೂಸುತ್ತದೆ, ಎರಡು ಸಲ ಬೊಗಳುತ್ತದೆ, ಸುಮ್ಮನಾಗುತ್ತದೆ. ಇವಳು ಸುಮ್ಮನಾಗುವುದೇ ಇಲ್ಲವಲ್ಲ!

ಎದುರು ಮನೆಯವರು ಫಿನಾಯಿಲ್ ಹಾಕಿ ನೆಲ ಒರೆಸಿದರೆ ಇವಳಿಗೆ ತಲೆ ಸಿಡಿಯುತ್ತದೆ. ಮೂರನೇ ಮನೆಯ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಂಡರೆ ಇವಳ ಗಂಟಲು ಕಟ್ಟುತ್ತದೆ. ಸೊಳ್ಳೆ ಬತ್ತಿ ಕೂಡದು, ಸೆಂಟು ಕೂಡದು, ಹೊಸ ಚಪ್ಪಲಿ ಕೂಡದು, ಹೊಸ ಪ್ಲಾಸ್ಟಿಕ್ ಬಕೆಟ್ಟೂ ಕೂಡದು. ನಮ್ಮ ಮನೆಯ ದೇವರು ಊದುಬತ್ತಿ ಕಂಡು ಎಷ್ಟು ವರ್ಷವಾಯಿತೋ. ಅವನೂ ಇವಳಿಗೆ ಹೆದರಿ ಬರೀ ಹೂವು ದೀಪದಲ್ಲಿ ತೆಪ್ಪಗಿದ್ದಾನೆ.

ಒಮ್ಮೆ ದೂರದ ನೆಂಟರು ಮದುವೆ ಕಾರ್ಡು ತಂದುಕೊಟ್ಟು ಹೋದರು. ಇವಳು ಅದನ್ನು ಎರಡು ಬೆರಳಲ್ಲಿ ಸತ್ತ ಜಿರಲೆ ಹಿಡಿದ ಹಾಗೆ ಹಿಡಿದು, "ಇಂಕಿನ ವಾಸನೆ ಅತ್ತಿಗೆ, ಆರ್ಲಿ" ಎಂದು ಮಹಡಿಯ ಮೇಲೆ ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದಳು. ಇವತ್ತು ಆರುತ್ತದೆ, ನಾಳೆ ಆರುತ್ತದೆ. ಕೊನೆಗೂ ಅದು ಆರಿ, ಇವಳು ಮೂಗಿಗೆ ಸೆರಗು ಹಿಡಿದು ಓದಿದ ದಿನ ಅಲ್ಲಿ ಬೀಗರೂಟ ನಡೆಯುತ್ತಿತ್ತು!

ಹುಟ್ಟಿನಿಂದ ಹೀಗಿರಲಿಲ್ಲ ಅನ್ನಿ. ಲಗ್ಗೆರೆಯಲ್ಲಿ ಚಪ್ಪಲಿ ಮಾಡುವ ಒಂದು ಶೆಡ್ಡಿಗೆ ಇಪ್ಪತ್ತು ವರ್ಷ ಕೆಲಸಕ್ಕೆ ಹೋದಳು. ಅಟ್ಟೆಗೆ ಸಲ್ಯೂಷನ್ ಬಳಿದು ಅಂಟಿಸುವ ಕೆಲಸ. ಕಿಟಕಿಯಿಲ್ಲದ ಶೆಡ್ಡು, ಬೆಳಗ್ಗೆಯಿಂದ ಸಂಜೆವರೆಗೆ ಗೋಂದಿನ ಡಬ್ಬಿಯ ಮುಂದೆ. ಮೊದಲು ತಲೆನೋವು ಬಂತು, ಆಮೇಲೆ ವಾಂತಿ, ಆಮೇಲೆ ಮುಖ ಊದಿಕೊಳ್ಳುವುದು. ಕೆಲಸ ಬಿಟ್ಟಳು. ಕಾಯಿಲೆ ಇವಳನ್ನು ಬಿಡಲಿಲ್ಲ. ಒಬ್ಬ ಡಾಕ್ಟರು ಗ್ಯಾಸು ಅಂದರು. ಇನ್ನೊಬ್ಬರು ಮನಸ್ಸಿಗೆ ಸಂಬಂಧಪಟ್ಟದ್ದು ಅಂದರು. ಮೂರನೆಯವರು, "ಇವರ ದೇಹ ಕೆಮಿಕಲ್ ತಡೆಯಲ್ಲ, ಅದರಿಂದ ದೂರ ಇಡಿ" ಅಂದರು. ನಾನು ಡಾಕ್ಟರಲ್ಲ. ಆದರೂ ನಾಲ್ಕನೆಯವಳಾಗಿ ನನ್ನ ತೀರ್ಪು ಕೊಟ್ಟೆ. ನಾಟಕ!

ಯಾಕೆ ಅಂದರೆ ನನಗೆ ಯಾವ ವಾಸನೆಯೂ ಬರುವುದಿಲ್ಲ. ಕೊರೊನಾ ಜ್ವರ ಬಂದು ಹೋಯಿತಲ್ಲ, ಹೋಗುವಾಗ ನನ್ನ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೂಗು ಮುಖದ ಮೇಲೆ ಇದೆ, ಮೂಗುಬೊಟ್ಟು ಇಡಲು ಜಾಗ ಬೇಕಲ್ಲ ಅದಕ್ಕೆ. ನನಗೆ ಬಾರದ ವಾಸನೆ ಇವಳಿಗೆ ಮಾತ್ರ ಬರುತ್ತದೆ ಎಂದರೆ ನಂಬುವುದು ಹೇಗೆ? ಆದರೆ ನಾನು ಕೆಳಗೆ ಅಡುಗೆಮನೆಯಲ್ಲಿ ಒಲೆಯ ಮುಂದೆಯೇ ನಿಂತಿರುವಾಗ ಮಹಡಿಯ ಮೇಲಿನಿಂದ ಕೂಗು ಬರುತ್ತದೆ: "ಅತ್ತಿಗೆ! ಬೇಳೆ ತಳ ಹಿಡೀತು!" ನೋಡಿದರೆ ಹಿಡಿದಿರುತ್ತದೆ. ಆಗ ಬರುವ ಸಿಟ್ಟಿದೆಯಲ್ಲ, ಬೇಳೆ ಹೊತ್ತಿದ್ದಕ್ಕಲ್ಲ, ಇವಳು ಹೇಳಿದ್ದು ನಿಜವಾಗಿದ್ದಕ್ಕೆ!

ಮಹಾಲಕ್ಷ್ಮಿ ಲೇಔಟಿನ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಮನೆ. ಕೆಳಗೆ ನಾನು. ಮಹಡಿಯ ಮೇಲೆ ಎಂಟಡಿ ಹತ್ತಡಿಯ ಒಂದು ರೂಮು, ಅಲ್ಲಿ ಇವಳು. ಕೆಳಗೆ ಬಂದು ಇರು ಎಂದರೆ ಒಗ್ಗರಣೆ, ಬಚ್ಚಲಿನ ಸೋಪು, ರಸ್ತೆಯ ಹೊಗೆ. ಮೇಲೆ ಗಾಳಿ ಇದೆ. ಗಾಳಿಯ ಜೊತೆ ಬಿಸಿಲೂ ಇದೆ. ರೂಮಿನ ತಲೆಯ ಮೇಲೆ ಬರೀ ಸಿಮೆಂಟಿನ ತಾರಸಿ. ಏಪ್ರಿಲ್ ತಿಂಗಳಲ್ಲಿ ಆ ರೂಮಿನಲ್ಲಿ ಹಪ್ಪಳ ಇಟ್ಟರೆ ಒಣಗುವುದಿಲ್ಲ, ಸುಡುತ್ತದೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕರೆದೆ, ಉತ್ತರವಿಲ್ಲ. ಬೈದುಕೊಂಡೇ ಹತ್ತಿ ಹೋದೆ. ನೆಲದ ಮೇಲೆ ಬಿದ್ದಿದ್ದಳು. ಕಣ್ಣು ಮೇಲಾಗಿತ್ತು.

ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದು ಬೇಸಿಗೆ ಆ ರೂಮಲ್ಲಿ ಇವರು ತಡ್ಕೊಳಲ್ಲ. ಒಂದೋ ರೂಮು ತಂಪು ಮಾಡಿ, ಇಲ್ಲಾ ಜಾಗ ಬದಲಾಯಿಸಿ."

ಜಾಗ ಬದಲಾಯಿಸುವುದು ಸುಲಭ ಎಂದುಕೊಂಡೆವು. ಕೆಂಗೇರಿಯಲ್ಲಿ ನನ್ನ ಮೈದುನನ ಮಗನ ಮನೆಯಿದೆ. ಒಳ್ಳೆಯ ಹುಡುಗ. "ಅತ್ತೆ, ನಮ್ಮನೇಲಿ ಒಂದು ರೂಮು ಖಾಲಿನೇ ಇದೆ, ಬಂದ್ಬಿಡಿ" ಎಂದು ಕರೆದುಕೊಂಡು ಹೋದ. ನಾನು ಗೇಟಿನ ತನಕ ಹೋಗಿ ಬೀಳ್ಕೊಟ್ಟೆ. ಪೀಡೆ ತೊಲಗಿತು ಎಂದು ಬಂದು ಒಂದು ಊದುಬತ್ತಿಯನ್ನೂ ಹಚ್ಚಿದೆ. ನನಗಂತೂ ವಾಸನೆ ಬರಲಿಲ್ಲ, ದೇವರಿಗೆ ಬಂದಿರಬೇಕು.

ಮಾರನೇ ದಿನ ಬೆಳಗ್ಗೆಯೇ ಗೇಟು ಕಿರ್ ಎಂದಿತು. ಇವಳೇ! ಕಣ್ಣು ಎರಡೂ ಊದಿಕೊಂಡು ಸೀಳಾಗಿದ್ದವು. ಆ ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರಂತೆ, ಹೊಸ ಮಂಚ ಮಾಡಿಸಿದ್ದರಂತೆ. ಇವಳು ಇಡೀ ರಾತ್ರಿ ಅವರ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕಳೆದಿದ್ದಳು. ಒಳಗೆ ಕಾಲಿಟ್ಟವಳೇ ನಿಂತಳು.

"ಊದುಬತ್ತಿ ಹಚ್ಚಿದ್ರಾ ಅತ್ತಿಗೆ?"

"ನಿನ್ನೆ ಹಚ್ಚಿದ್ದು ಕಣೇ! ಒಂದೇ ಒಂದು!"

"ಎರಡು" ಎಂದಳು.

ಎರಡೇ ಹಚ್ಚಿದ್ದು, ಏನು ಮಾಡಲಿ.

ಹಾಗಾಗಿ ಉಳಿದದ್ದು ಒಂದೇ ದಾರಿ. ಬೇಸಿಗೆ ಕಾಲಿಡುವ ಮುಂಚೆ ಆ ತಾರಸಿಯನ್ನು ತಂಪು ಮಾಡಬೇಕು, ಇವಳ ಮೂಗು ಒಪ್ಪುವ ಸಾಮಾನಿನಿಂದಲೇ ಮಾಡಬೇಕು. ನೀವು ಯಾರಿಗಾದರೂ ಹೆಣ್ಣು ನೋಡಿದ್ದೀರಾ? ನೂರು ಕೊಂಕು ತೆಗೆಯುವ ಗಂಡಿನ ತಾಯಿಯನ್ನು ಕಂಡಿದ್ದೀರಾ? ಆಕೆಯನ್ನು ಇವಳ ಪಕ್ಕದಲ್ಲಿ ನಿಲ್ಲಿಸಿದರೆ ಆಕೆ ದೇವತೆ.

ಮೊದಲು ಬಂದವನು ಶಾಖ ತಡೆಯುವ ಸಾಮಾನು ಮಾರುವ ಕಂಪನಿಯ ಹುಡುಗ. ಟೈ ಕಟ್ಟಿದ್ದ. ಗೇಟು ತೆಗೆಯುವ ಮುಂಚೆಯೇ ಮೇಲಿನಿಂದ ಇವಳ ದನಿ: "ಅಲ್ಲೇ ನಿಂತ್ಕೊಳಪ್ಪಾ! ಸೆಂಟು ಹಾಕಿದೀಯ!"

"ಮೇಡಂ, ಇದು ಫಾರಿನ್ ಟೆಕ್ನಾಲಜಿ. ಫೋಮ್ ಸ್ಪ್ರೇ ಮಾಡಿದ್ರೆ ಹತ್ತು ವರ್ಷ ಕೂಲ್. ಝೀರೋ ಸ್ಮೆಲ್ ಮೇಡಂ."

"ಮೊದ್ಲು ನೀನು ಝೀರೋ ಸ್ಮೆಲ್ ಆಗಿ ಬಾ!"

ಪಾಪ, ಮಾರನೇ ದಿನ ಸೆಂಟಿಲ್ಲದೆ ಬಂದ. ಇವಳು ಮೇಲಿನಿಂದ ಒಂದು ಕ್ಷಣ ಗಾಳಿ ಎಳೆದುಕೊಂಡು, "ಈಗ ಸೋಪು" ಎಂದಳು. ಅವನು ಸ್ಯಾಂಪಲ್ಲುಗಳನ್ನು ಗೇಟಿನ ಒಳಗೆ ಇಟ್ಟು, ನನ್ನ ಕಡೆ ನೋಡಿ, "ಆಂಟಿ, ನಿಮ್ಗೆ ತಾಳ್ಮೆ ಜಾಸ್ತಿ" ಎಂದು ಹೋದವನು ಮತ್ತೆ ಬರಲಿಲ್ಲ. ಅವನೊಬ್ಬನಿಗೆ ನನ್ನ ಕಷ್ಟ ಅರ್ಥವಾಗಿತ್ತು.

ಸ್ಯಾಂಪಲ್ಲುಗಳನ್ನು ಪರೀಕ್ಷೆ ಮಾಡಲು ಇವಳದೇ ಒಂದು ಪದ್ಧತಿ. ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನು ಸೀಗೆಪುಡಿಯಲ್ಲಿ ತೊಳೆದು, ಒಂದೊಂದರಲ್ಲಿ ಒಂದೊಂದು ತುಂಡು ಹಾಕಿ, ಮುಚ್ಚಳ ಬಿಗಿದು ಇಡೀ ದಿನ ಬಿಸಿಲಿಗೆ ಇಡುವುದು. ತಾರಸಿ ಕಾದಾಗ ಒಳಗೆ ಏನು ವಾಸನೆ ಬಿಡುತ್ತದೋ ಅದು ಡಬ್ಬಿಯೊಳಗೇ ಗೊತ್ತಾಗಬೇಕಂತೆ. ಸಂಜೆ ಡಬ್ಬಿಯನ್ನು ನೆರಳಿಗೆ ತಂದು, ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿ ಮೂಸುವುದು. ಪಾಸಾದದ್ದನ್ನು ಮೂರು ದಿನ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವುದು. ನನ್ನ ಸಾಸಿವೆ, ಮೆಂತ್ಯ, ಕಡಲೆಬೇಳೆ ಎಲ್ಲ ಪೇಪರ್ ಪೊಟ್ಟಣಕ್ಕೆ ಇಳಿದವು. ಡಬ್ಬಿಗಳು ಮಹಡಿಯ ಗೋಡೆಯ ಮೇಲೆ ಸಾಲಾಗಿ ಪರೀಕ್ಷೆಗೆ ಕುಳಿತವು.

ಪಕ್ಕದ ಮನೆಯಾಕೆಯ ಮಹಡಿಗೂ ನಮ್ಮ ಮಹಡಿಗೂ ನಡುವೆ ಅದೊಂದೇ ಗೋಡೆ. ಆಕೆಗೆ ಇನ್ನೊಬ್ಬರ ಡಬ್ಬಿ ಕಂಡರೆ ಕೈ ತುರಿಸುತ್ತದೆ. ಒಂದು ಮಧ್ಯಾಹ್ನ ನಾನು ಬಟ್ಟೆ ತೆಗೆಯಲು ಹೋದರೆ, ಆಕೆ ಬಾಯಲ್ಲಿ ಏನೋ ಹಾಕಿಕೊಂಡು ಹಸುವಿನ ಹಾಗೆ ಜಗಿಯುತ್ತ ನಿಂತಿದ್ದಳು.

"ಏನ್ರೀ ನಿಮ್ಮ ಕಡ್ಲೆಪುರಿ, ಉಪ್ಪೂ ಇಲ್ಲ ಖಾರನೂ ಇಲ್ಲ, ಮೆತ್ತಗಾಗ್ಬಿಟ್ಟಿದೆ!"

"ಅದು ಪುರಿ ಅಲ್ರೀ, ಥರ್ಮಾಕೋಲು! ಉಗೀರಿ!"

ಆಕೆ ಥೂ ಥೂ ಎಂದು ಉಗಿಯುತ್ತಿರುವಾಗ ಸದ್ದು ಕೇಳಿ ನಮ್ಮ ನಾದಿನಿ ರೂಮಿನಿಂದ ಓಡಿ ಬಂದಳು. ಆಕೆಗೆ ಏನಾಯಿತೋ ಎಂದು ನೋಡಿದಳೇ? ಡಬ್ಬಿ ನೋಡಿದಳು! "ಮುಚ್ಚಳ ತೆಗೆದ್ಬಿಟ್ರಲ್ರೀ, ನಾಳೆ ಇನ್ನೊಂದು ದಿನ ಬಿಸಿಲಿಗೆ ಇಡ್ಬೇಕು ಈಗ!"

ಫಲಿತಾಂಶ ಕೇಳಿ. ಥರ್ಮಾಕೋಲು ಫೇಲು, ಸುಟ್ಟ ಬಾಚಣಿಗೆಯ ವಾಸನೆಯಂತೆ. ಫೋಮು ಫೇಲು, ಅದನ್ನು ಮೂಸಿ ಎರಡು ದಿನ ಮಲಗಿದಳು. ಗಾಜಿನ ಹತ್ತಿ ಅಂತ ಹಳದಿ ಬಣ್ಣದ್ದೊಂದು ಬಂತು, ಮುಟ್ಟಿದರೆ ಮೈಯೆಲ್ಲ ತುರಿಕೆ, ಅದರಲ್ಲಿ ಗೋಂದಿದೆ ಎಂದಳು. ಬಿಳೀ ಬಣ್ಣ, ನೀರಲ್ಲಿ ಕಲಸುವುದೇ ಅಂದರೂ ಫೇಲು. ತೆಂಗಿನ ನಾರಿನ ಹಲಗೆಯಾದರೂ ಆಗುತ್ತದೆ ಎಂದುಕೊಂಡೆ. ನಾರು ಪಾಸು, ನಾರನ್ನು ಹಿಡಿದಿರುವ ಅಂಟು ಫೇಲು! ಗೋಣಿಚೀಲ ತಂದುಕೊಟ್ಟೆ. "ಸೀಮೆಎಣ್ಣೆ" ಎಂದಳು. ಹೊಸ ಗೋಣಿ ನೇಯುವಾಗ ಎಣ್ಣೆ ಹಾಕುತ್ತಾರಂತೆ, ಅಂಗಡಿಯವನೇ ಆಮೇಲೆ ಹೇಳಿದ.

ನನಗೆ ತಲೆ ಕೆಟ್ಟಿತು. "ಹಾಗಾದ್ರೆ ಆಕಾಶದಿಂದ ಮೋಡ ತಂದು ಹಾಸ್ಲೇನೇ ನಿನ್ ತಲೆ ಮೇಲೆ?"

"ಮೋಡಕ್ಕೆ ಪೀಣ್ಯದ ಹೊಗೆ ಸೇರಿರುತ್ತೆ ಅತ್ತಿಗೆ" ಎಂದಳು. ತಮಾಷೆಗೆ ಅಲ್ಲ!

ಸಂಕ್ರಾಂತಿ ಕಳೆಯಿತು. ಬಿಸಿಲು ಹಲ್ಲು ತೋರಿಸಲು ಶುರು ಮಾಡಿತು. ಇವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಧ್ಯಾಹ್ನ ಹೊತ್ತು ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಕೂರುವುದು ಶುರುವಾಯಿತು. ಆಗ ಮೈದುನನ ಮಗ ಗದಗಿನ ಕಡೆಯ ಒಬ್ಬ ಮುದುಕ ಗಾರೆಯವನನ್ನು ಕರೆತಂದ. ಆತ ತಾರಸಿಯ ಮೇಲೆ ಕೂತು, ಎಲ್ಲ ಡಬ್ಬಿಗಳ ಕಥೆ ಕೇಳಿ, ನಕ್ಕ.

"ಯವ್ವಾ, ಇಷ್ಟಕ್ಕ ಇಷ್ಟ ತ್ರಾಸ ಯಾಕ? ಗಡಗಿ ಬೋರಲ ಹಾಕಿ ಜೋಡಿಸಿ, ಮ್ಯಾಲ ಸುಣ್ಣದ ಗಾರಿ ಹಾಕಿಬಿಡ್ರಿ. ಗಡಗ್ಯಾಗಿನ ಗಾಳಿ ಬಿಸಲನ್ನ ಕೆಳಗ ಬಿಡಂಗಿಲ್ಲ. ನಮ್ಮಜ್ಜ ಇದನ್ನ ಮಾಡತಿದ್ದ."

ಮಡಕೆ! ಮಣ್ಣು, ನೀರು, ಬೆಂಕಿ. ಅದರಲ್ಲೇನು ಕೆಮಿಕಲ್ ಇರುತ್ತದೆ? ಎಂದು ನಾನು ಖುಷಿಪಟ್ಟೆ. ನಾನು ಮೂರ್ಖಳು.

ಮಾರೇನಹಳ್ಳಿಯ ರಸ್ತೆ ಪಕ್ಕದಲ್ಲಿ ಒಬ್ಬ ಹೆಂಗಸು ಮಡಕೆ ರಾಶಿ ಹಾಕಿಕೊಂಡು ಕೂರುತ್ತಾಳೆ. ಇವಳನ್ನು ಮೂರು ಮಾಸ್ಕು ಹಾಕಿಸಿ ಕರೆದುಕೊಂಡು ಹೋದೆ. ಬೇಕಾಗಿದ್ದದ್ದು ಎಂಬತ್ತು ಮಡಕೆ. ವ್ಯಾಪಾರದ ಹೆಂಗಸಿಗೆ ಖುಷಿಯೋ ಖುಷಿ. ನಮ್ಮವಳು ಮಾಸ್ಕು ಇಳಿಸಿ, ಮೊದಲ ಮಡಕೆಯನ್ನು ಎತ್ತಿಕೊಂಡು ಅದರ ಬಾಯೊಳಗೆ ಮುಖವನ್ನೇ ಇಳಿಸಿದಳು.

"ಅಕ್ಕಾ, ಏನ್ಮಾಡ್ತಿದೀರಾ? ಮಡಕೆನ ಕುಟ್ಟಿ ನೋಡ್ತಾರೆ, ಯಾರಾದ್ರೂ ಮೂಸಿ ನೋಡ್ತಾರಾ?"

ಮಡಕೆಯೊಳಗಿನಿಂದ ದನಿ ಬಂತು: "ಇದು ಬೇಡ."

ಎರಡನೆಯದು ಬೇಡ. ಮೂರನೆಯದು ಬೇಡ. ನಾಲ್ಕನೆಯದು ಆಗಬಹುದು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಬಿಟ್ಟು ಇವಳನ್ನು ನೋಡುತ್ತ ನಿಂತರು. ನಾನು ಇವಳು ಯಾರೋ ನಾನು ಯಾರೋ ಅನ್ನುವ ಹಾಗೆ ಎಳನೀರಿನ ಗಾಡಿಯ ಪಕ್ಕಕ್ಕೆ ಸರಿದೆ. ವ್ಯಾಪಾರದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನ್ ಕೊರತೆ ಅಕ್ಕಾ ನನ್ ಮಡಕೇಲಿ? ಹೇಳ್ಬಿಡಿ!"

"ಇದನ್ನ ಟೈರು ಹಾಕಿ ಸುಟ್ಟಿದಾರೆ. ಇದನ್ನ ಸೌದೇಲಿ ಸುಟ್ಟಿದಾರೆ. ಟೈರಿಂದು ಬೇಡ, ಸೌದೇದು ಕೊಡು."

ಹೆಂಗಸು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟಳು. ತಗ್ಗಿದ ದನಿಯಲ್ಲಿ, "ಎರಡು ಕಡೆಯಿಂದ ತರಿಸ್ತೀನಿ ಅಕ್ಕಾ. ಒಬ್ಬ ಹಳೇ ಟೈರು ಹಾಕ್ತಾನೆ. ನಿಮ್ಗೆ ಯಾರ್ ಹೇಳಿದ್ರು?" ಎಂದಳು.

ಯಾರು ಹೇಳಬೇಕು! ನಾನು ಎಳನೀರಿನ ಗಾಡಿ ಬಿಟ್ಟು ಮೆಲ್ಲಗೆ ಇವಳ ಪಕ್ಕಕ್ಕೆ ಬಂದು ನಿಂತೆ. ಇವಳು ನಮ್ಮವಳೇ ಎಂದು ಜನಕ್ಕೆ ಗೊತ್ತಾಗಲಿ ಎಂದು ಜೋರಾಗಿ, "ಬಿಸಿಲಲ್ಲಿ ನಿಂತ್ಕೋಬೇಡ ಕಣೇ" ಎಂದೆ.

ಮೂರು ದಿನ ಮೂಸಿದಳು. ಮೂರನೇ ದಿನ ಆ ಹೆಂಗಸು ಇವಳಿಗೆ ಸ್ಟೂಲು ಹಾಕಿಕೊಟ್ಟು, "ಅಕ್ಕಾ, ಬುಧವಾರ ಹೊಸ ಲೋಡ್ ಬರುತ್ತೆ. ಒಂಚೂರು ಬಂದು ಮೂಸಿ ಕೊಡ್ತೀರಾ?" ಎಂದಳು. "ಇವಳನ್ನೇ ಇಟ್ಕೊಳಮ್ಮ, ಪುಣ್ಯ ಬರುತ್ತೆ" ಎಂದೆ ನಾನು.

ಲಗೇಜ್ ಆಟೋ ತುಂಬ ಮಡಕೆ ಹೇರಿಕೊಂಡು ನಮ್ಮ ಗಲ್ಲಿಗೆ ಬಂದರೆ, ಥರ್ಮಾಕೋಲು ತಿಂದ ಪಕ್ಕದ ಮನೆಯಾಕೆ ಎದೆ ಹಿಡಿದುಕೊಂಡು ಓಡಿ ಬಂದಳು. ನಮ್ಮಲ್ಲಿ ಹೊಸ ಮಡಕೆ ಮನೆಗೆ ಬಂತೆಂದರೆ ಒಂದೋ ಮದುವೆ, ಇಲ್ಲ ಹೆಣ. ನಮ್ಮ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರೂ ಇಲ್ಲ.

"ಅಯ್ಯೋ, ಯಾರ್ರೀ ಹೋಗಿದ್ದು?"

"ಒಬ್ಬರಿಗೆ ಒಂದು ಮಡಕೆ ಸಾಲ್ದೇನ್ರೀ? ಇಲ್ಲಿ ಎಂಬತ್ತಿವೆ. ಇಡೀ ಬೀದಿನೇ ಹೋಗ್ಬೇಕು!"

ಗಾರೆಯವನು ಸುಣ್ಣ ನೆನೆಹಾಕಿ, ಮಡಕೆಗಳನ್ನು ಬೋರಲು ಜೋಡಿಸಿ, ಸಂದಿಗೆಲ್ಲ ಗಾರೆ ತುಂಬಿ, ಮೇಲೆ ತಟ್ಟಿ ನಯ ಮಾಡಿದ. ಪಾಪ, ಕೆಲಸ ಮುಗಿಯುವ ತನಕ ತಂಬಾಕು ಮುಟ್ಟಲಿಲ್ಲ. ಒಮ್ಮೆ ಮುಟ್ಟಿದ್ದ. ಮೂಲೆಯ ಅಂಗಡಿಯ ಹತ್ತಿರ ಹೋಗಿ ಹಾಕಿಕೊಂಡು, ಬಾಯಿ ತೊಳೆದು ಬಂದಿದ್ದ. ಇವಳು ಮೆಟ್ಟಿಲಲ್ಲೇ ಹಿಡಿದಳು. ಆಮೇಲೆ ಆತ ಇವಳನ್ನು ಕಂಡರೆ ಕೈ ಮುಗಿಯುತ್ತಿದ್ದ. ಸುಣ್ಣಕ್ಕೆ ಮಾತ್ರ ಇವಳು ಏನೂ ಅನ್ನಲಿಲ್ಲ. "ವಾಸನೆ ಇದೆ, ಆದ್ರೆ ಕತ್ತು ಹಿಸುಕಲ್ಲ" ಎಂದಳು. ನಲವತ್ತು ವರ್ಷದಲ್ಲಿ ಇವಳ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು.

ರೂಮು ತಂಪಾಯಿತು. ನಾನೇ ಹೋಗಿ ಗೋಡೆ ಮುಟ್ಟಿ ನೋಡಿದೆ. ಉಳಿದದ್ದು ಪಡುವಣ ಕಿಟಕಿ. ಮಧ್ಯಾಹ್ನದ ಮೇಲೆ ಬಿಸಿಲು ಅದರಿಂದ ನೇರ ಹಾಸಿಗೆಗೆ ಬೀಳುತ್ತದೆ. ದಪ್ಪನೆಯ ಏನಾದರೂ ನೇತುಹಾಕಬೇಕು. ಹೊಸ ಪರದೆಗೆ ಗಂಜಿ, ಬಣ್ಣದ ವಾಸನೆ. ಇನ್ನೊಂದು ಡಬ್ಬಿ ಪರೀಕ್ಷೆ ನನ್ನಿಂದ ಆಗುವುದಿಲ್ಲ ಎಂದು ಟ್ರಂಕು ತೆಗೆದು ನಮ್ಮ ಯಜಮಾನರ ಕಂಬಳಿ ಎಳೆದೆ.

ಅವರು ತೀರಿಕೊಂಡದ್ದು ನನಗೆ ಆ ಜ್ವರ ಬರುವುದಕ್ಕೆ ಒಂದು ವರ್ಷ ಮುಂಚೆ. ಮೆಣಸಿನಕಾಯಿ ಗೋಡೌನಿನಲ್ಲಿ ಕಾವಲು ಕೆಲಸ. ಬೀಡಿ ಬೇರೆ. ತಂಗಿಯ ಬಾಯಿಗೆ ಹೆದರಿ ಮಳೆಯಲ್ಲೂ ಗಲ್ಲಿಯ ತುದಿಗೆ ಹೋಗಿ ಬೀಡಿ ಸೇದುತ್ತಿದ್ದರು. ಬಂದರೆ ಇವಳು ಗೇಟಿನಲ್ಲೇ ನಿಲ್ಲಿಸಿ ಅಂಗಿ ಕೊಡವಿಸುತ್ತಿದ್ದಳು. ಅಣ್ಣ ತಂಗಿ ಆಡಿದ ಜಗಳವನ್ನೆಲ್ಲ ಬರೆದರೆ ಇನ್ನೊಂದು ಪುಸ್ತಕವಾಗುತ್ತದೆ. ಅವರು ಹೋದ ಮೇಲೆ ಆ ಕಂಬಳಿಯನ್ನು ಟ್ರಂಕಿಗೆ ಹಾಕಿದ್ದೆ. ಒಗೆದಿರಲಿಲ್ಲ. ನುಸಿಗುಳಿಗೆ ಕೂಡ ಹಾಕಿರಲಿಲ್ಲ, ಇವಳ ಕಾಟಕ್ಕೆ ನಮ್ಮ ಮನೆಯಲ್ಲಿ ನುಸಿಗುಳಿಗೆಗೆ ಬಹಿಷ್ಕಾರ.

"ತಗೋ, ಇದನ್ನ ನೇತು ಹಾಕು. ಇದಕ್ಕೂ ಕೊಂಕು ತೆಗೆದ್ರೆ ನೋಡು" ಎಂದೆ. ಬೈಗುಳವೂ ಸಿದ್ಧವಾಗಿತ್ತು.

ಮೂಸಿದಳು. ಮತ್ತೆ ಮೂಸಿದಳು. ಮುಖ ಎತ್ತಲೇ ಇಲ್ಲ.

"ಏನೇ, ಏನ್ ವಾಸನೆ ಇದೆ ಅದ್ರಲ್ಲಿ?"

"ಅಣ್ಣ ಇದಾನೆ ಅತ್ತಿಗೆ."

ಅವಳು ಕಂಬಳಿಯ ಒಂದೊಂದು ಮೂಲೆಯನ್ನೂ ಮೂಗಿಗೆ ಹಿಡಿಯುತ್ತ ಹೋದಳು. "ಇಲ್ಲಿ ಬೀಡಿ. ಇಲ್ಲಿ ತಲೆಗೆ ಹಚ್ಕೊಳ್ತಿದ್ದ ಹರಳೆಣ್ಣೆ. ಈ ಅಂಚಲ್ಲಿ ಗೋಡೌನಿನ ಘಾಟು. ಎಲ್ಲಾ ಹಂಗೇ ಇದೆ."

ಕಿತ್ತುಕೊಂಡು ನಾನೂ ಮೂಸಿದೆ. ಕಂಬಳಿ ಕೆನ್ನೆಗೆ ಚುಚ್ಚಿತು, ಅಷ್ಟೇ.

"ಕಿಟಕಿಗೆ ಬೇಡ ಅತ್ತಿಗೆ. ಬಿಸಿಲಿಗೆ ಹೋಗ್ಬಿಡುತ್ತೆ" ಎಂದಳು. ಬೀಡಿಗೆ ಮುಖ ಊದಿಸಿಕೊಳ್ಳುವವಳು, ಆ ಕಂಬಳಿಯನ್ನು ಮಡಿಸಿ, ನನ್ನ ಅಕ್ಕಿಯ ದೊಡ್ಡ ಸ್ಟೀಲ್ ಡಬ್ಬಿ ತರಿಸಿ, ಅದರೊಳಗಿಟ್ಟು ಮುಚ್ಚಳ ಬಿಗಿದು ಮಂಚದ ಕೆಳಗೆ ನೆರಳಿಗೆ ತಳ್ಳಿದಳು. ಕಿಟಕಿಗೆ ನನ್ನ ಎರಡು ಹಳೆಯ ಸೀರೆ ಬಂದವು. ಬಿಸಿಲು ಸ್ವಲ್ಪ ಬೀಳುತ್ತದೆ, ಬೀಳಲಿ.

ಈಗ ವಾರಕ್ಕೊಮ್ಮೆ ಮಂಡಿ ನೋವನ್ನು ಬೈದುಕೊಂಡು ಮೇಲೆ ಹತ್ತುತ್ತೇನೆ. ಒಣಮೆಣಸಿನಕಾಯಿ ತಿರುವಿ ಹಾಕುವ ನೆಪ ಇದ್ದೇ ಇದೆ. ಅವಳ ಬಾಗಿಲಲ್ಲಿ ನಿಂತು, "ಇದೆಯೇನೇ?" ಎನ್ನುತ್ತೇನೆ. ಅವಳು ಡಬ್ಬಿ ಎಳೆದು, ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿ, ಮೂಸಿ, ಮುಚ್ಚುತ್ತಾಳೆ.

"ಇದೆ ಅತ್ತಿಗೆ."

ಹೋದ ವಾರ ಹೇಳುವ ಮುಂಚೆ ಸ್ವಲ್ಪ ತಡೆದಳು ಅನ್ನಿಸಿತು. ಆದರೆ ಇದೆ ಎಂದಳು. ವಾಸನೆಯ ವಿಷಯದಲ್ಲಿ ಇವಳು ಸುಳ್ಳು ಹೇಳಿದ್ದನ್ನು ನಾನಂತೂ ಇದುವರೆಗೆ ಕಂಡಿಲ್ಲ.

"ಮುಚ್ಚಳ ಬಿಗಿಯಾಗಿ ಹಾಕೇ" ಎಂದು ಗದರಿಸಿ ಇಳಿದು ಬಂದೆ.